ಬೇಸಿಗೆಯಲ್ಲಿ ಮ್ಯಾಜಿನೋ ಲೈನ್ ಕೋಟೆಗೆ ಹೋಗುವಾಗಲೂ ಸ್ವೆಟರ್ ಬೇಕಾ?

ಬೇಕು, ಖಂಡಿತ ಒಯ್ಯಿರಿ. ಮ್ಯಾಜಿನೋ ಲೈನ್ ಅಂದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಜರ್ಮನ್ನರ ದಾಳಿ ತಡೆಯಲು ಫ್ರಾನ್ಸ್ ತನ್ನ ಗಡಿಯಲ್ಲಿ ಕಟ್ಟಿದ ಕೋಟೆಗಳ ಸಾಲು; ಅವುಗಳ ಬಹುಭಾಗ ನೆಲದಡಿಯಲ್ಲೇ ಇದೆ. ಫ್ರಾನ್ಸಿನ ಆಲ್ಸೇಸ್‌ನಲ್ಲಿರುವ ಶೋನೆನ್‌ಬುರ್ ಕೋಟೆಯ ಒಳಗೆ ವರ್ಷವಿಡೀ ಸುಮಾರು 13 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೇಲೆ ಜುಲೈ ತಿಂಗಳ ಬಿಸಿಲಿದ್ದರೂ ಅಷ್ಟೇ, ಹಿಮ ಬಿದ್ದಿದ್ದರೂ ಅಷ್ಟೇ.

ಕಾರಣ ಮಣ್ಣು. ಬಿಸಿಲಿನ ಕಾವು ನೆಲದೊಳಗೆ ತುಂಬಾ ನಿಧಾನವಾಗಿ ಇಳಿಯುತ್ತದೆ. ಅದು ಕೆಲವು ಮೀಟರ್ ಇಳಿಯುವಷ್ಟರಲ್ಲಿ ಮೇಲೆ ಚಳಿಗಾಲ ಬಂದಿರುತ್ತದೆ. ಹೀಗೆ ಬಿಸಿಯೂ ಚಳಿಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಆಳದಲ್ಲಿ ಉಳಿಯುವುದು ಆ ಊರಿನ ವರ್ಷದ ಸರಾಸರಿ ತಾಪಮಾನಕ್ಕೆ ಹತ್ತಿರದ ತಂಪು. ನಮ್ಮೂರಿನ ಆಳದ ಬಾವಿಯ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತದಲ್ವಾ, ಅದೂ ಹೀಗೆಯೇ. ಈ ಕೋಟೆಯ ಸುರಂಗಗಳಂತೂ ಕೆಲವು ಕಡೆ 30 ಮೀಟರ್ ಆಳದಲ್ಲಿವೆ.

ಅಷ್ಟು ಆಳ ತೋಡಿದ್ದು ಬಾಂಬಿಗೆ ಹೆದರಿ. 1940ರ ಜೂನ್‌ನಲ್ಲಿ ಜರ್ಮನ್ನರು ವಿಮಾನಗಳಿಂದಲೂ ಭಾರೀ ಫಿರಂಗಿಗಳಿಂದಲೂ ಹೊಡೆದರು. ಆದರೂ ಕೋಟೆ ಬೀಳಲಿಲ್ಲ. ಯುದ್ಧವಿರಾಮದ ನಂತರ, ಮೇಲಿನವರ ಆಜ್ಞೆ ಬಂದ ಮೇಲೆಯೇ ಸೈನಿಕರು ಅದನ್ನು ಒಪ್ಪಿಸಿದರು. ಸುಮಾರು 600 ಜನ ಇದೇ ತಂಪಿನಲ್ಲಿ, ತೇವದಲ್ಲಿ ಬದುಕಿದ್ದರು. ಅವರ ಅಡುಗೆಮನೆ, ಮಲಗುವ ಕೋಣೆ, ವಿದ್ಯುತ್ ಘಟಕ ನೋಡುವಾಗ ಆ ಚಳಿ ಮೈಗೆ ತಾಗಬೇಕು. ಆಗಲೇ ಅವರ ಪಾಡು ಅರ್ಥವಾಗುವುದು.

ಒಳಗೆ ನಡಿಗೆ ಜಾಸ್ತಿ, ಮೆಟ್ಟಿಲೂ ಬಹಳ. ಹಿಡಿತ ಚೆನ್ನಾಗಿರುವ ಶೂ ಹಾಕಿಕೊಳ್ಳಿ. ಎರಡು ಗಂಟೆಯಾದರೂ ಬಿಡುವು ಇಟ್ಟುಕೊಂಡು ಹೋಗಿ.