ಮಾರ್ಮಗೋವಾದ ಹಡಗುಗಳನ್ನು ಮುಳುಗಿಸಿದ್ದು ಯಾರು?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ಯಾರ ಕಡೆಗೂ ಇರಲಿಲ್ಲ, ಹಾಗಾಗಿ ಗೋವಾಕ್ಕೆ ಯುದ್ಧದ ಬಿಸಿ ತಟ್ಟಲಿಲ್ಲ ಅಂತ ಓದಿದ್ದೆ. ಆದರೆ ಮಾರ್ಮಗೋವಾ ಬಂದರಿನಲ್ಲಿ ಜರ್ಮನ್ ಹಡಗುಗಳು ಮುಳುಗಿದವು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಯಾವುದು ನಿಜ?
– ಒಬ್ಬ ಓದುಗ, ಕಾರವಾರ

ಉತ್ತರ: ನಿಮ್ಮ ಅಜ್ಜ ಹೇಳಿದ್ದೇ ನಿಜ. ಮುಳುಗಿದ್ದು ನಾಲ್ಕು ಹಡಗು. ಎಹ್ರೆನ್‌ಫೆಲ್ಸ್, ಬ್ರೌನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್ ಜರ್ಮನಿಯವು, ಆನ್ಫೋರಾ ಇಟಲಿಯದು. ಜರ್ಮನ್ ಹಡಗುಗಳು 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರ ಕೈಗೆ ಸಿಗಬಾರದು ಅಂತ ಇಲ್ಲಿಗೆ ಬಂದು ಸೇರಿದ್ದವು. ಬಂದರು ಬಿಟ್ಟು ಹೊರಟರೆ ಬ್ರಿಟಿಷ್ ನೌಕಾಪಡೆ ಕಾಯುತ್ತಿತ್ತು, ಒಳಗಿದ್ದರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಸುಮ್ನೆ ಲಂಗರು ಹಾಕಿಕೊಂಡು ಮೂರು ವರ್ಷಕ್ಕೂ ಜಾಸ್ತಿ ಕಾಲ ನಿಂತಿದ್ದವು.

ಅಷ್ಟರಲ್ಲಿ ಹಿಂದೂ ಮಹಾಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟಿಷರ ಸರಕು ಹಡಗುಗಳನ್ನು ಹೊಡೆದು ಹಾಕುತ್ತಿದ್ದವು. ಎಹ್ರೆನ್‌ಫೆಲ್ಸ್‌ನಲ್ಲಿ ಗುಟ್ಟಾಗಿ ಇಟ್ಟ ರೇಡಿಯೊದಿಂದಲೇ ಅವಕ್ಕೆ ಸುದ್ದಿ ಹೋಗುತ್ತಿದೆ ಅಂತ ಬ್ರಿಟಿಷ್ ಗುಪ್ತದಳ ಎಸ್‌ಒಇ ನಂಬಿತ್ತು. ಆದರೆ ಸೈನ್ಯ ನುಗ್ಗಿಸಿದರೆ ಪೋರ್ಚುಗಲ್ ಜೊತೆ ಜಗಳ ಆಗುತ್ತೆ, ಅಲ್ವಾ? ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಪಡೆಯ ನಡುವಯಸ್ಸಿನವರನ್ನು ಆರಿಸಿದರು. ಹೆಚ್ಚಿನವರು ವ್ಯಾಪಾರ, ಕಂಪನಿ ಕೆಲಸ ಮಾಡಿಕೊಂಡಿದ್ದ ಬ್ರಿಟಿಷರು. ಹೂಳು ಸಾಗಿಸುವ ಫೀಬಿ ಎಂಬ ದೋಣಿ ಕಲ್ಕತ್ತಾದಿಂದ ಕಡಲು ಸುತ್ತಿ ಕೊಚ್ಚಿಗೆ ಬಂತು, ಇವರಲ್ಲಿ ಹೆಚ್ಚಿನವರು ರೈಲಿನಲ್ಲಿ ಹೋಗಿ ಅಲ್ಲಿ ಹತ್ತಿಕೊಂಡರು.

1943ರ ಮಾರ್ಚ್ 9ರ ರಾತ್ರಿ ಫೀಬಿ ಕತ್ತಲಲ್ಲಿ ಎಹ್ರೆನ್‌ಫೆಲ್ಸ್ ಪಕ್ಕಕ್ಕೆ ಬಂದು ನಿಂತಿತು. ಏಣಿ ಹಾಕಿ ಹತ್ತಿದವರು ಹಡಗನ್ನು ಹಾಗೇ ಎಳೆದುಕೊಂಡು ಹೋಗೋಣ ಅಂದುಕೊಂಡಿದ್ದರು. ಆಗಲಿಲ್ಲ. ಗುಂಡಿನ ಕಾಳಗದಲ್ಲಿ ಕ್ಯಾಪ್ಟನ್ ಸತ್ತ, ನಾವಿಕರು ಬೆಂಕಿ ಹಚ್ಚಿ, ತಳದ ಕವಾಟ ತೆರೆದು ಸಮುದ್ರದ ನೀರು ಒಳಗೆ ಬಿಟ್ಟರು. ಆ ಬೆಂಕಿ ನೋಡಿ ಉಳಿದ ಮೂರು ಹಡಗಿನವರೂ ತಮ್ಮ ಹಡಗನ್ನು ತಾವೇ ಮುಳುಗಿಸಿದರು. ಅಂದರೆ ದಾಳಿ ಬ್ರಿಟಿಷರದು, ಮುಳುಗಿಸಿದ ಕೈ ನಾವಿಕರದು.

ಆ ರೇಡಿಯೊ ನಿಜಕ್ಕೂ ಅಷ್ಟು ಹಾನಿ ಮಾಡಿತ್ತೇ ಎಂಬುದನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಯುದ್ಧದ ಅಗತ್ಯ ಏನೇ ಇರಲಿ, ಇನ್ನೊಬ್ಬರ ಬಂದರಿಗೆ ರಾತ್ರಿ ಕದ್ದು ನುಗ್ಗಿ ಜೀವ ತೆಗೆದಿದ್ದು ತಪ್ಪು ಅಂತಲೇ ನನಗನ್ನಿಸುತ್ತದೆ. ಫೀಬಿ ಬೆಳಕು ಹರಿಯುವ ಮೊದಲೇ ಜಾಗ ಖಾಲಿ ಮಾಡಿತು, ದಾಳಿಯ ಗುಟ್ಟು ಮೂವತ್ತು ವರ್ಷ ಹೊರಬರಲಿಲ್ಲ. ಬದುಕಿ ದಡ ಸೇರಿದ ನಾವಿಕರನ್ನು ಮಾತ್ರ ಪೋರ್ಚುಗೀಸರು ಹಿಡಿದು ಜೈಲಿಗೆ ಹಾಕಿದರು.