ವಿಮ್‌: ಜಾವಾಸಿ (ಜಾವಾ ಕಂಪೈಲರ್) ಹತ್ತು ಎರರ್ ಕೊಟ್ಟರೂ ಕ್ವಿಕ್‌ಫಿಕ್ಸ್‌ನಲ್ಲಿ (ವಿಮ್ ಎಡಿಟರ್ ತೋರಿಸುವ ಎರರ್ ಪಟ್ಟಿ) ಒಂದೇ ಕಾಣುತ್ತೆ, ಕಾಲಮ್ ಕೂಡ ಸಿಗಲ್ಲ. ಯಾಕೆ?

ನಿಮ್ಮ ಎರರ್‌ಫಾರ್ಮ್ಯಾಟ್‌ನಲ್ಲಿ (ಎರರ್ ಸಾಲು ಗುರುತಿಸುವ ಪ್ಯಾಟರ್ನ್‌ಗಳ ಪಟ್ಟಿ) %-ಸಿ%.%# (ಶುರುವಾದ ಎರರ್‌ನ ಮುಂದುವರಿದ ಸಾಲು ಅಂತ) ಎಲ್ಲಕ್ಕಿಂತ ಮೊದಲಿದೆ. ಎಡವಟ್ಟು ಅಲ್ಲೇ. ವಿಮ್ ಪ್ರತಿ ಸಾಲನ್ನೂ ಪಟ್ಟಿಯ ಮೊದಲಿನಿಂದ ಹೋಲಿಸುತ್ತಾ ಬರುತ್ತೆ, ಹೊಂದಿದ ಮೊದಲ ಪ್ಯಾಟರ್ನ್‌ಗೇ ನಿಂತುಬಿಡುತ್ತೆ. %.%# ಅಂದರೆ ಯಾವ ಸಾಲಾದರೂ ಸರಿ. ಹಾಗಾಗಿ ಮೊದಲ ಎರರ್ ಶುರುವಾದ ಮೇಲೆ ಬರುವುದನ್ನೆಲ್ಲ, ಮುಂದಿನ ಎರರ್‌ಗಳ ತಲೆಸಾಲನ್ನೂ ಸೇರಿಸಿ, ಅದೇ ನುಂಗಿಹಾಕುತ್ತೆ.

ಕ್ರಮ ಹೀಗಿರಲಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ, ಇ, ಡಬ್ಲ್ಯೂ, ಸಿ, ಝಡ್ ದೊಡ್ಡಕ್ಷರ, ಎಫ್, ಎಲ್, ಎಂ, ಪಿ ಸಣ್ಣಕ್ಷರ):

%ಇ%ಎಫ್:%ಎಲ್: ಎರರ್: %ಎಂ
%ಡಬ್ಲ್ಯೂ%ಎಫ್:%ಎಲ್: ವಾರ್ನಿಂಗ್: %ಎಂ
%-ಝಡ್%ಪಿ^
%-ಸಿ%.%#

ಇ ಎರರ್ ಶುರು ಮಾಡುತ್ತೆ, ಡಬ್ಲ್ಯೂ ವಾರ್ನಿಂಗ್ ಶುರು ಮಾಡುತ್ತೆ, ಝಡ್ ಮುಗಿಸುತ್ತೆ. ಎಫ್ ಫೈಲ್ ಹೆಸರು, ಎಲ್ ಸಾಲಿನ ಸಂಖ್ಯೆ, ಎಂ ಸಂದೇಶ. ನಾಲ್ಕನ್ನೂ ಕಾಮಾ ಹಾಕಿ ಒಂದೇ ಸಾಲಾಗಿ ಜೋಡಿಸಿ. ಸೆಟ್ ಬಳಸಿದರೆ ಪ್ರತಿ ಖಾಲಿ ಜಾಗಕ್ಕೂ ಮೊದಲು ಬ್ಯಾಕ್‌ಸ್ಲ್ಯಾಶ್ ಬೇಕು, ಒಂದು ಮರೆತರೂ ಕೆಡುತ್ತೆ. ಅದರ ಬದಲು ಲೆಟ್ ಬಳಸಿ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಖಾಲಿ ಜಾಗದ ಕಾಟವೇ ಇರಲ್ಲ.

ಇಲ್ಲಿ ಮುಖ್ಯವಾದದ್ದು ಮೂರನೆಯದು. ಜಾವಾಸಿ ತಪ್ಪಿರುವ ಕೋಡ್ ಸಾಲನ್ನು ತೋರಿಸಿ, ಅದರ ಕೆಳಗೆ ತಪ್ಪಿನ ಜಾಗಕ್ಕೆ ಸರಿಯಾಗಿ ^ ಇಡುತ್ತೆ. %ಪಿ ಆ ಚಿಹ್ನೆಯ ಹಿಂದಿರುವ ಖಾಲಿ ಜಾಗ ಎಣಿಸಿ ಕಾಲಮ್ ಕೊಡುತ್ತೆ: 20 ಖಾಲಿ ಜಾಗವಿದ್ದರೆ ಕಾಲಮ್ 21. ಈ ಸಾಲು %-ಸಿ ಕೈಗೆ ಸಿಕ್ಕಿದರೆ ಕಾಲಮ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಝಡ್ ಮೊದಲು, ಸಿ ಕೊನೆಗೆ.

‘ಕೆನಾಟ್ ಫೈಂಡ್ ಸಿಂಬಲ್’ ಎರರ್‌ನಲ್ಲಿ ^ ಆದಮೇಲೂ ‘ಸಿಂಬಲ್’, ‘ಲೊಕೇಶನ್’ ಅಂತ ಎರಡು ಸಾಲು ಬರುತ್ತವೆ. ಅಷ್ಟರಲ್ಲಿ ಝಡ್ ಎರರ್ ಮುಗಿಸಿರುತ್ತೆ, ಹಾಗಾಗಿ ಅವು ಬರೀ ಪಠ್ಯವಾಗಿ ಕೆಳಗೆ ಉಳಿಯುತ್ತವೆ. ಕೊನೆಗೆ %-ಜಿ%.%# (ಜಿ ದೊಡ್ಡಕ್ಷರ) ಸೇರಿಸಿದರೆ ಅವು ಮಾಯವಾಗುತ್ತವೆ, ಆದರೆ ನಾನು ಸೇರಿಸಲ್ಲ. ಯಾವ ಹೆಸರು ಸಿಗಲಿಲ್ಲ ಅಂತ ಹೇಳುವುದೇ ಆ ಸಾಲು. :ಸಿನೆಕ್ಸ್ಟ್ ಹೇಗೂ ಅಂಥ ಸಾಲುಗಳನ್ನು ದಾಟಿ ಮುಂದಿನ ಎರರ್‌ಗೇ ಹೋಗುತ್ತೆ. ಪ್ಯಾಟರ್ನ್ ಇನ್ನೂ ತಿದ್ದುತ್ತಿರುವಾಗಂತೂ ಜಿ ಬೇಡವೇ ಬೇಡ. ಹೊಂದದೆ ಉಳಿದ ಸಾಲು ಯಾವುದು ಅಂತ ಗೊತ್ತೇ ಆಗಲ್ಲ.

ಪರೀಕ್ಷಿಸಲು ಪ್ರತಿಸಲ ಕಂಪೈಲ್ ಮಾಡಬೇಕಿಲ್ಲ. ಎರರ್ ಪಠ್ಯವನ್ನು ಹೊಸ ಬಫರ್‌ಗೆ ಅಂಟಿಸಿ :ಸಿಗೆಟ್‌ಬಫರ್ ಕೊಡಿ (ಆ ಬಫರ್‌ನಿಂದಲೇ ಎರರ್ ಪಟ್ಟಿ ಕಟ್ಟುತ್ತೆ), ಆಮೇಲೆ ಆಶ್ಚರ್ಯಸೂಚಕ ಸೇರಿಸಿ :ಸಿಲಿಸ್ಟ್! ಅನ್ನಿ. ಗುರುತಿಸದ ಸಾಲುಗಳೂ ಅದರಲ್ಲಿ ಕಾಣುತ್ತವೆ. ಫೈಲ್ ಹೆಸರಿನ ಪಕ್ಕ ಸಾಲು, ಕಾಲಮ್ ಎರಡೂ ಬಂದಿದ್ದರೆ ಆ ಎಂಟ್ರಿ ಸರಿಯಿದೆ.