ದಿನಾ ಒಂದೇ ತಿಂಡಿ ತಿಂದರೆ ತೂಕ ಇಳಿಯುತ್ತಾ?

ದಿನಾ ಅದದೇ ತಿಂದರೆ ನಿಜಕ್ಕೂ ತೂಕ ಇಳಿಯುತ್ತಾ, ಬೇಜಾರಾಗಲ್ವಾ, ಸಕ್ಕರೆ ಕಾಯಿಲೆ ಇರುವ ಅಮ್ಮನಿಗೂ ಹೀಗೆ ಮಾಡಿಸಬಹುದಾ ಅಂತ ಕೇಳಿದ್ದೀರಿ. ನನಗೆ ಇಳಿದಿದೆ. ಹತ್ತು ತಿಂಗಳಲ್ಲಿ 84 ಕೆಜಿಯಿಂದ 74ಕ್ಕೆ ಬಂದೆ. ಅದಾಗಿ ಒಂದು ವರ್ಷ ಆಯಿತು, ಈಗಲೂ ಅಲ್ಲೇ ಇದ್ದೇನೆ.

ನಾನಿರುವುದು ದಾವಣಗೆರೆಯಲ್ಲಿ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಯಾವ ಬೀದಿಗೆ ಹೋದರೂ ಸಿಗುತ್ತವೆ. ನಾನು ಜಾಸ್ತಿ ತಿನ್ನುವವನಲ್ಲ ಅಂತಲೇ ನಂಬಿದ್ದೆ. ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ನೋಡಿದೆ. ಊಟ ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಬೆಳಗಿನ ತಿಂಡಿ ಮತ್ತು ಸಂಜೆಯ ಹೊತ್ತೇ ತೊಂದರೆ. 'ಇವತ್ತು ಏನು ತಿನ್ನೋಣ' ಅಂತ ಯೋಚಿಸಿದ ದಿನವೆಲ್ಲ ಕೊನೆಗೆ ಕರಿದದ್ದನ್ನೇ ತಿಂದಿದ್ದೆ.

ಹಾಗಾಗಿ ಆ ಎರಡು ಹೊತ್ತನ್ನು ಮಾತ್ರ ಗಟ್ಟಿ ಮಾಡಿಕೊಂಡೆ. ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳು ಪಲ್ಯ, ಸ್ವಲ್ಪ ಮೊಸರು. ಸಂಜೆ ಒಂದು ಹಿಡಿ ಪುಟಾಣಿ, ಸಕ್ಕರೆ ಹಾಕದ ಚಹಾ. ಮಧ್ಯಾಹ್ನ, ರಾತ್ರಿ ಮನೆಯಲ್ಲಿ ಎಲ್ಲರಿಗೂ ಮಾಡಿದ್ದೇ ನನಗೂ. ನನಗೋಸ್ಕರ ಬೇರೆ ಅಡುಗೆ ಇಲ್ಲ. ಅನ್ನ ಮಾತ್ರ ಒಂದೇ ಸಲ ಬಡಿಸಿಕೊಳ್ಳುತ್ತೇನೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಒಂದೇ ರುಚಿ ಬಾಯಿಗೆ ಬೇಗ ಸಾಕೆನಿಸುತ್ತದೆ. ರುಚಿ ಬದಲಾದರೆ ಹೊಟ್ಟೆ ತುಂಬಿದ್ದರೂ ಇನ್ನಷ್ಟು ತಿನ್ನಬೇಕು ಅನ್ನಿಸುತ್ತದೆ. ಮದುವೆ ಊಟ ನೆನಪಿಸಿಕೊಳ್ಳಿ. ಅನ್ನ ಬೇಡ, ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದವರೇ ಜಿಲೇಬಿ ಬಂದಾಗ ಕೈ ತೆಗೆಯುತ್ತಾರೆ, ಅಲ್ವಾ? ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು. ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ತಿಂದದ್ದಕ್ಕಿಂತ, ನಾಲ್ಕು ಬಗೆ ಕೊಟ್ಟಾಗ ಜನ ಸುಮಾರು ಮೂರನೇ ಒಂದು ಭಾಗ ಜಾಸ್ತಿ ತಿಂದರು.

ಜೋಳದ ರೊಟ್ಟಿಯಲ್ಲೇ ಏನೋ ಶಕ್ತಿ ಇದೆ ಅಂದುಕೊಳ್ಳಬೇಡಿ. ಅಕ್ಕಿ, ಜೋಳ, ರಾಗಿ, ಯಾವುದೇ ತಗೊಳ್ಳಿ, 100 ಗ್ರಾಂ ಕಾಳಿನಲ್ಲೋ ಹಿಟ್ಟಿನಲ್ಲೋ ಹೆಚ್ಚುಕಮ್ಮಿ 320ರಿಂದ 360 ಕ್ಯಾಲೊರಿ ಇರುತ್ತದೆ. ಮುದ್ದೆ ಉಂಡರೆ ತೂಕ ಇಳಿಯುತ್ತೆ ಅಂತ ಎರಡೆರಡು ಮುದ್ದೆ ಉಣ್ಣುವವರಿದ್ದಾರೆ. ಅದರಿಂದ ಇಳಿಯುವುದಿಲ್ಲ. ವ್ಯತ್ಯಾಸ ಮಾಡುವುದು ಅಳತೆ ಮತ್ತು ಎಣ್ಣೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟಕ್ಕೆ 4.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಮೊದಲ ತಿಂಗಳು ಹುರುಪಿನಲ್ಲಿ ಮೂರು ಹೊತ್ತೂ ರೊಟ್ಟಿ, ಹೆಸರುಕಾಳು ಅಷ್ಟೇ ತಿಂದೆ. ಸೊಪ್ಪು ಇಲ್ಲ, ಹಣ್ಣೂ ಇಲ್ಲ. ಸುಸ್ತು, ಮಲಬದ್ಧತೆ ಶುರುವಾಯಿತು. ನಮ್ಮ ಡಾಕ್ಟರು ಕೇಳಿ ಚೆನ್ನಾಗಿ ಬೈದರು. ಆಮೇಲೆ ಮಧ್ಯಾಹ್ನ, ರಾತ್ರಿ ಮನೆಯ ಊಟಕ್ಕೇ ಮರಳಿದೆ. ಬೆಳಗಿನ ರೊಟ್ಟಿಯ ಲೆಕ್ಕ ಹಾಗೇ ಇಟ್ಟು, ಜೊತೆಗಿರುವುದನ್ನು ಬದಲಾಯಿಸುತ್ತಾ ಬಂದೆ. ಒಂದು ದಿನ ಮಡಕೆಕಾಳು, ಒಂದು ದಿನ ಅಲಸಂದೆ. ಸಂತೆಯಲ್ಲಿ ಮೆಂತ್ಯ, ಪುಂಡಿ, ರಾಜಗಿರಿ, ಸಬ್ಬಸಿಗೆ ಯಾವುದು ತಾಜಾ ಇದೆಯೋ ಅದು. ಹಕ್ಕರಿಕೆ ಸಿಕ್ಕರೆ ಹಸಿಯಾಗಿಯೇ ತಿನ್ನುತ್ತೇವೆ. ದಯವಿಟ್ಟು ಸೊಪ್ಪು, ತರಕಾರಿಗೆ ಮಾತ್ರ ಕಡಿವಾಣ ಹಾಕಬೇಡಿ.

ಬೇಜಾರು ಆಗುತ್ತೆ, ಸುಳ್ಳು ಹೇಳಲ್ಲ. ನನಗೆ ಮೂರನೇ ವಾರ ತುಂಬಾ ಕಷ್ಟವಾಯಿತು. ಆಗ ಅವ್ವ ಅಗಸೆ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿಕೊಟ್ಟರು. ಅದೊಂದು ಚಮಚದಿಂದ ದಿನ ದೂಡಿದೆ. ಭಾನುವಾರ ಮಕ್ಕಳ ಜೊತೆ ಹೋಗಿ ಒಂದು ಬೆಣ್ಣೆ ದೋಸೆ ತಿನ್ನುತ್ತೇನೆ. ಯುಗಾದಿಗೆ ಹೋಳಿಗೆ ತುಪ್ಪ ಬಿಟ್ಟಿಲ್ಲ. ಮರುದಿನ ಮತ್ತೆ ರೊಟ್ಟಿಗೆ ಬರುತ್ತೇನೆ.

ನಿಮ್ಮ ಅಮ್ಮನ ವಿಷಯದಲ್ಲಿ ಮಾತ್ರ ಅವಸರ ಬೇಡ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಏಕಾಏಕಿ ಊಟ ಕಮ್ಮಿ ಮಾಡಿದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ತಲೆಸುತ್ತು ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಅವರು ಈಗ ಏನೇನು ತಿನ್ನುತ್ತಾರೆ ಅಂತ ಒಂದು ವಾರ ಬರೆದಿಡಿ. ಆ ಚೀಟಿಯನ್ನೂ ಮಾತ್ರೆಗಳನ್ನೂ ತಗೊಂಡು ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಮೇಲೆ ಶುರು ಮಾಡಿ.